ಅಳತೆ ಬ್ಲೌಸಿಗೆ ಒಂದು ಫರ್ ಕೋಟು

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಸೋದರಮಾವನಿಗೆ ಹುಚ್ಚಿಲ್ಲ! ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಐರ್ಲೆಂಡಿನ ನೇಸ್ ಊರಿನ ಮೂರು ಅಂಗಡಿಯವರು ಈ ವಿಷಯದಲ್ಲಿ ನನ್ನ ಮಾತು ಒಪ್ಪುವುದಿಲ್ಲ. ಬ್ಲಾಂಚರ್ಡ್ಸ್‌ಟೌನಿನ ಒಂದು ಬಟ್ಟೆ ಅಂಗಡಿಯ ಹುಡುಗಿಯಂತೂ ಮಾವ ಬಾಗಿಲಲ್ಲಿ ಕಂಡರೆ ಸಾಕು, ಸ್ಟಾಕ್ ರೂಮಿನೊಳಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದಳು.

ಮಾವ ಡಾಕ್ಟರು. ಅದರಲ್ಲೂ ಅರಿವಳಿಕೆ ಡಾಕ್ಟರು. ಆಪರೇಷನ್ನಿಗೆ ಮುಂಚೆ ರೋಗಿಯನ್ನು ಮಲಗಿಸುವುದು ಅವರ ಕಸುಬು. ಮೂವತ್ತು ವರ್ಷ ನೇಸ್‌ನ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು ಮಲಗಿಸಿದರು. ನಿವೃತ್ತರಾದ ಮೇಲೆ ನಮ್ಮ ಮನೆಗೆ ಬಂದು ಬರೀ ಮಾತಿನಲ್ಲೇ ಮಲಗಿಸುತ್ತಿದ್ದರು. ಊರಿನ ಅರ್ಧ ಜನಕ್ಕೆ ಅವರ ಪರಿಚಯವಿದೆ, ಅವರಿಗೆ ಮಾತ್ರ ಯಾರ ಗುರುತೂ ಹತ್ತುವುದಿಲ್ಲ. ಸೂಪರ್‌ಮಾರ್ಕೆಟ್ಟಿನಲ್ಲಿ ಯಾರಾದರೂ ಹತ್ತಿರ ಬಂದು "ನನ್ನ ನೆನಪಿದೆಯಾ ಡಾಕ್ಟರ್?" ಎಂದರೆ, "ಒಂದು ನಿಮಿಷ ಕಣ್ಣು ಮುಚ್ಚಿ" ಅನ್ನುತ್ತಿದ್ದರು. ಪಾಪ, ಅವರೂ ಮುಚ್ಚುತ್ತಿದ್ದರು. ಆಮೇಲೆ ಇಡೀ ಸೂಪರ್‌ಮಾರ್ಕೆಟ್ಟಿಗೆ ಕೇಳುವ ಹಾಗೆ, "ಹಾಂ! ಗಾಲ್ ಬ್ಲ್ಯಾಡರ್!"

ಇನ್ನು ನಮ್ಮ ಅತ್ತೆ. ಮಾವನನ್ನು ಮೂವತ್ತು ವರ್ಷ ಸಹಿಸಿಕೊಂಡವರು ಎಂದರೆ ಅರ್ಧ ಪರಿಚಯ ಆದಂತೆಯೇ. ಈಗ ಮೈಕೈ ತುಂಬಿಕೊಂಡು, ಬಾಗಿಲಲ್ಲಿ ನಿಂತರೆ ಹಿಂದಿನ ಹಜಾರ ಕಾಣದಷ್ಟು ಆಗಿದ್ದಾರೆ. ಮದುವೆಯಾದ ಹೊಸತರಲ್ಲಿ ಐರ್ಲೆಂಡಿಗೆ ಹೊರಡುವ ಮುಂಚೆ, "ಅಲ್ಲಿ ತುಂಬಾ ಚಳಿಯಂತಲ್ಲಾ?" ಎಂದು ಹೆದರಿ ಕೇಳಿದ್ದರಂತೆ. ಮಾವ ಎದೆ ಉಬ್ಬಿಸಿ, "ನಿಂಗೆ ಫರ್ ಕೋಟು ಕೊಡಿಸ್ತೀನಿ. ಮಹಾರಾಣಿ ಥರ ಓಡಾಡ್ತೀಯ" ಎಂದರಂತೆ. ಮಹಾರಾಣಿ ಬಂದಿಳಿದರು. ಮೊದಲನೇ ವರ್ಷ ಮಾವನ ಪರೀಕ್ಷೆ, ಎರಡನೇ ವರ್ಷ ಮನೆ, ಆಮೇಲೆ ಇನ್ನೇನೋ. ಅತ್ತೆ ಸೀರೆಯ ಮೇಲೆ ಒಂದು ಹಸಿರು ಸ್ವೆಟರ್ ಹಾಕಿಕೊಂಡರು, ಹಾಕಿಕೊಂಡೇ ಇದ್ದರು. ಜಗಳ ಮಾಡಲಿಲ್ಲ. ಪ್ರತಿ ವರ್ಷ ಮೊದಲ ಚಳಿಗೆ ಮಾತ್ರ ತಪ್ಪದೆ ಹೇಳುತ್ತಿದ್ದರು: "ಫರ್ ಕೋಟು ಎಲ್ಲಿಟ್ಟಿದೀನೋ ಕಾಣ್ತಾನೇ ಇಲ್ಲ ಕಣ್ರೀ. ಸದ್ಯಕ್ಕೆ ಆ ಸ್ವೆಟರೇ ಕೊಡಿ."

ನಾವೆಲ್ಲ ನಗುತ್ತಿದ್ದೆವು. ಮಾವನೂ ನಗುತ್ತಿದ್ದರು.

ಹೋದ ನವೆಂಬರಿನಲ್ಲಿ ಅತ್ತೆ ಅದೇ ಮಾತು ಹೇಳಿದಾಗ ಮಾವ ನಗಲಿಲ್ಲ. ಏಪ್ರಿಲ್‌ಗೆ ಇಬ್ಬರೂ ಮನೆ ಬಿಟ್ಟು ಮೈಸೂರಿಗೆ ಹೋಗಿ ನೆಲೆಸುವುದೆಂದು ನಿಶ್ಚಯವಾಗಿತ್ತು. ಇದು ಕೊನೆಯ ಚಳಿಗಾಲ. ಮೈಸೂರಿನಲ್ಲಿ ಫರ್ ಕೋಟು ಕೊಡಿಸಿದರೆ ಏನು ಬಂತು? ಮರುದಿನ ನಾನು ಲೆಪರ್ಡ್ಸ್‌ಟೌನಿನ ಆಫೀಸಿನಲ್ಲಿ ಮೀಟಿಂಗ್‌ನಲ್ಲಿದ್ದಾಗ ಮಾವನ ಫೋನು ಬಂತು.

"ನೋಡೇ, ಕೋಟು ಅವಳಿಗೆ ಒಪ್ಪಬೇಕು. ನನ್ನ ಜೇಬಿಗೂ ಒಪ್ಪಬೇಕು. ಯಾವ ಪ್ರಾಣೀನೂ ಅದಕ್ಕೋಸ್ಕರ ಸತ್ತಿರಬಾರದು."

"ಅಂಥದ್ದಕ್ಕೆ ಸ್ವೆಟರ್ ಅಂತಾರೆ ಮಾವ."

"ತಲೆಹರಟೆ ಬೇಡ! ಶನಿವಾರ ಬರ್ತೀನಿ. ನಿಮ್ಮತ್ತೆಗೆ ಹೇಳ್ಬೇಡ."

"ಅತ್ತೇನೇ ಕರ್ಕೊಂಡು ಬನ್ನಿ. ಹಾಕಿ ನೋಡ್ಲಿ."

"ಕೇಳಿದ್ರೆ ಬೇಡ ಅಂತಾಳೆ. ಮೂವತ್ತು ವರ್ಷದಿಂದ ಬೇಡ ಅಂತಾನೇ ಇದಾಳೆ. ನಾನೂ ಸರಿ ಅಂತಾನೇ ಇದೀನಿ."

ಶನಿವಾರ ಬ್ಲಾಂಚರ್ಡ್ಸ್‌ಟೌನಿನ ಆ ಬಟ್ಟೆ ಅಂಗಡಿಗೆ ಹೋದೆವು. ಕೌಂಟರಿನ ಹುಡುಗಿ ನಗುನಗುತ್ತಾ ಸೈಜ್ ಎಷ್ಟು ಎಂದಳು. ಮಾವ ಜಾಕೆಟ್ಟಿನ ಒಳಜೇಬಿಗೆ ಕೈ ಹಾಕಿ ಒಂದು ಪ್ಲಾಸ್ಟಿಕ್ ಚೀಲ ತೆಗೆದರು. ಅದರೊಳಗಿಂದ ಬಂದದ್ದು ಕುಂಕುಮ ಬಣ್ಣದ, ತೋಳಿಗೆ ಜರಿಯಂಚಿದ್ದ ಒಂದು ರೇಷ್ಮೆ ಬ್ಲೌಸು!

ನೀವು ನಗಬೇಡಿ. ನಮ್ಮ ಕಡೆ ಯಾವ ಹೆಂಗಸು ದರ್ಜಿಗೆ ಇಂಚಿನ ಲೆಕ್ಕ ಹೇಳಿದ್ದಾಳೆ? ಸರಿಯಾಗಿ ಕೂರುವ ಒಂದು ಹಳೇ ಬ್ಲೌಸು ಕೊಟ್ಟು "ಇದೇ ಅಳತೆಗೆ" ಎಂದರೆ ಮುಗಿಯಿತು. ಮಾವ ಅದೇ ರೀತಿ ಕೌಂಟರಿನ ಮೇಲೆ ಬ್ಲೌಸು ಹರಡಿ, "ದಿಸ್ ಮೆಶರ್‌ಮೆಂಟ್, ಪ್ಲೀಸ್" ಎಂದರು.

ಹುಡುಗಿ ಅದನ್ನು ಹಿಂದೆ ಮುಂದೆ ತಿರುಗಿಸಿದಳು. ರಿಟರ್ನ್ ಮಾಡುವುದಕ್ಕೆ ತಂದಿದ್ದಾರೆ ಎಂದುಕೊಂಡಳು. "ರಿಸೀಟ್ ಇದೆಯಾ? ಇದು ನಮ್ಮ ಅಂಗಡಿಯದ್ದಲ್ಲ ಅನ್ಸುತ್ತೆ."

"ಇದು ಮೈಸೂರಿನದು" ಎಂದರು ಮಾವ ಹೆಮ್ಮೆಯಿಂದ.

"ಹಾಗಿದ್ರೆ ನೀವು ಅಲ್ಲೇ ವಾಪಸ್ ಕೊಡ್ಬೇಕು, ಸರ್."

ನಾನು ನಡುವೆ ಬಂದು ಬಿಡಿಸಿ ಹೇಳುವಷ್ಟರಲ್ಲಿ ಮಾವನ ಕಣ್ಣು ಒಂದು ಕೋಟಿನ ಬೆಲೆ ಚೀಟಿಯ ಮೇಲೆ ಬಿದ್ದಿತ್ತು. "ಇಷ್ಟು ದುಡ್ಡಿಗೆ ಕರಡೀನೇ ಬಸ್ ಹತ್ಕೊಂಡು ಮನೆಗೆ ಬರುತ್ತೆ!" ಎಂದು ಕನ್ನಡದಲ್ಲಿ ಕೂಗಿದರು. ಆ ಹುಡುಗಿಗೆ ಕನ್ನಡ ಬರುವುದಿಲ್ಲ, ಆದರೂ ಎರಡು ಹೆಜ್ಜೆ ಹಿಂದೆ ಸರಿದಳು. ಬ್ಲೌಸು ನಾನು ಇಟ್ಟುಕೊಳ್ಳುತ್ತೇನೆ ಎಂದರೆ ಮಾವ ಕೊಡಲಿಲ್ಲ. "ನೀನು ಕಳೀತೀಯ" ಎಂದು ಮಡಿಚಿ, ಚೀಲಕ್ಕೆ ಹಾಕಿ, ಒಳಜೇಬಿಗೇ ಸೇರಿಸಿದರು.

ಹೀಗೆ ಐದು ಶನಿವಾರ ಕಳೆದವು. ಕೊನೆಗೆ ಕೋಟು ಕಂಡಿದ್ದು ನೇಸ್‌ನ ಒಂದು ಚಾರಿಟಿ ಅಂಗಡಿಯಲ್ಲಿ. ಜನ ದಾನ ಕೊಟ್ಟ ಹಳೇ ಬಟ್ಟೆ, ಪಾತ್ರೆ ಎಲ್ಲ ಅಲ್ಲಿ ಸೋವಿಯಾಗಿ ಸಿಗುತ್ತವೆ. ಬೆಲ್ಲದ ಬಣ್ಣದ, ಕೈಯಿಟ್ಟರೆ ಬೆಕ್ಕಿನ ಮರಿ ಮುಟ್ಟಿದಷ್ಟು ಮೆತ್ತಗಿನ ಕೋಟು. ಬೆಲೆಯೂ ಮಾವನ ಜೇಬಿಗೆ ಒಪ್ಪಿತು. ಆದರೆ ಫರ್ ನಿಜವೋ ನಕಲಿಯೋ? ಯಾವುದರಿಂದ ಮಾಡಿದ್ದೆಂದು ತಿಳಿಸುವ ಒಳಗಿನ ಚೀಟಿ ಹರಿದುಹೋಗಿತ್ತು.

ರೇಷ್ಮೆ ಸೀರೆ ಕೊಳ್ಳುವವರಿಗೆ ಗೊತ್ತಿರುವ ಪರೀಕ್ಷೆ ಒಂದಿದೆ. ಒಂದು ಎಳೆ ಕಿತ್ತು ಸುಟ್ಟರೆ, ನಿಜವಾದದ್ದಕ್ಕೆ ಕೂದಲು ಸುಟ್ಟ ವಾಸನೆ ಬರುತ್ತದೆ. ನಕಲಿಯಾದರೆ ಕರಗಿ ಗುಂಡಗಾಗುತ್ತದೆ. ನಾನು ಆ ಕಡೆ ತಿರುಗಿ ಚಮಚ ನೋಡುತ್ತಿದ್ದೆ. ಈ ಕಡೆ ತಿರುಗುವಷ್ಟರಲ್ಲಿ ಮಾವ ಒಂದು ಚಿಟಿಕೆ ಫರ್ ಕಿತ್ತು, ದೇವರ ಮನೆಯಿಂದ ತಂದಿದ್ದ ಬೆಂಕಿಪೊಟ್ಟಣದಿಂದ ಕಡ್ಡಿ ಗೀರಿದ್ದರು!

"ಕರಗ್ತು! ಪ್ಲಾಸ್ಟಿಕ್ಕು! ಅಪ್ಪಟ ಪ್ಲಾಸ್ಟಿಕ್ಕು!"

ಅಪ್ಪಟ ರೇಷ್ಮೆ ಸಿಕ್ಕಿತೆಂದು ಕುಣಿದವರನ್ನು ನೋಡಿದ್ದೇನೆ. ಪ್ಲಾಸ್ಟಿಕ್ಕಿಗೆ ಕುಣಿದವರು ನಮ್ಮ ಮಾವ ಒಬ್ಬರೇ. ಅಷ್ಟರಲ್ಲಿ ನೆತ್ತಿಯ ಮೇಲಿದ್ದ ಅಲಾರಂ ಬಡಿದುಕೊಳ್ಳತೊಡಗಿತು, ಗಿರಾಕಿಗಳೆಲ್ಲ ಬೀದಿಗೆ ಓಡಿದರು, ಅಂಗಡಿಯ ಅಜ್ಜಿ ಪೊರಕೆ ಹಿಡಿದು ನುಗ್ಗಿ ಬಂದವರು ಗಕ್ಕನೆ ನಿಂತರು.

"ಡಾಕ್ಟರ್? ನೀವಾ?"

ಮಾವ ಕಡ್ಡಿ ಆರಿಸಿ, "ಸ್ವಲ್ಪ ಕಣ್ಣು ಮುಚ್ಚಿ" ಎಂದರು. ಅಜ್ಜಿ ಮುಚ್ಚಿದರು. "ಹಾಂ! ಸೊಂಟದ ಆಪರೇಷನ್! ಎಡಗಡೆ!"

ಅಲ್ಲಿಗೆ ಕೇಸು ಖುಲಾಸೆ. ಇನ್ನು ಕೋಟು ಒಪ್ಪುತ್ತದೋ ಇಲ್ಲವೋ ನೋಡಬೇಕಲ್ಲ? ಮಾವ ತಾವೇ ಅದನ್ನು ಗಲ್ಲದ ಕೆಳಗೆ ಹಿಡಿದುಕೊಂಡು, ಬಿಳಿ ಮೀಸೆ ತಿದ್ದಿಕೊಂಡು ಕನ್ನಡಿಯ ಮುಂದೆ ನಿಂತರು.

"ಹೆಂಗೆ ಕಾಣುತ್ತೆ?"

"ಭಯಂಕರವಾಗಿ."

"ಭೇಷ್! ನಂಗೆ ಒಪ್ಪದೇ ಇರೋದೆಲ್ಲ ಅವಳಿಗೆ ಒಪ್ಪುತ್ತೆ."

"ಯು ಲುಕ್ ಗ್ರ್ಯಾಂಡ್, ಡಾಕ್ಟರ್" ಎಂದರು ಅಜ್ಜಿ.

ನಾನು ಮೆಲ್ಲಗೆ, "ಸ್ವಲ್ಪ ಚಿಕ್ಕದಲ್ವಾ ಮಾವ?" ಎಂದೆ. ಮಾವ ಬ್ಲೌಸು ತೆಗೆದು ಕೋಟಿನ ಮೇಲೆ ಭುಜಕ್ಕೆ ಭುಜ ಹೊಂದಿಸಿ ಹರಡಿದರು. ಹೇಳಿ ಹೊಲಿಸಿದಂತೆ ಕೂತಿತ್ತು. ದುಡ್ಡು ಕೊಟ್ಟು ಮನೆಗೆ ಹೊರಟೆವು.

ಮನೆಯಲ್ಲಿ ಅತ್ತೆ ಮೈಸೂರಿಗೆ ಕಳಿಸುವ ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತುತ್ತಿದ್ದರು. ಮೈಮೇಲೆ ಅದೇ ಹಸಿರು ಸ್ವೆಟರ್. ಮಾವ, "ಕಣ್ಣು ಮುಚ್ಚು" ಎಂದರು.

"ಯಾಕೆ, ನನ್ನ ಗುರುತೂ ಸಿಗ್ಲಿಲ್ವಾ?" ಎನ್ನುತ್ತಲೇ ಮುಚ್ಚಿದರು.

ಸ್ವೆಟರ್ ತೆಗೆಸಿ ಕೋಟು ತೊಡಿಸಿದೆವು. ಒಂದು ತೋಳು ಹೇಗೋ ಹೋಯಿತು. ಇನ್ನೊಂದಕ್ಕೆ ನಾನೂ ಮಾವನೂ ಸೇರಿ ಎಳೆಯಬೇಕಾಯಿತು. ಮುಂದೆ ಗುಂಡಿಗೂ ಕಾಜಕ್ಕೂ ನಡುವೆ ಒಂದು ಗೇಣು ಅಂತರ. ಮಾವನ ಮುಖ ಇಳಿದುಹೋಯಿತು. ಐದು ಶನಿವಾರ ಹುಡುಕಿದ ಮನುಷ್ಯ, ಕೊನೆಯ ಚಳಿಗಾಲ. "ತೆಗಿ, ತೆಗಿ. ಬದಲಾಯಿಸ್ಕೊಂಡು ಬರ್ತೀನಿ. ಅಳತೆ ಸರಿಯಾಗೇ ಕೊಟ್ಟಿದ್ನಲ್ಲಾ!"

"ಯಾವ ಅಳತೆ ಕೊಟ್ರಿ?"

ಮಾವ ಒಳಜೇಬಿನಿಂದ ಚೀಲ ತೆಗೆದುಕೊಟ್ಟರು. ಅತ್ತೆ ಬ್ಲೌಸಿನ ಮಡಿಕೆ ಬಿಚ್ಚಿ ಜರಿಯಂಚಿನ ಮೇಲೆ ಕೈಯಾಡಿಸಿದರು.

"ಇದು ನಮ್ಮ ಧಾರೆ ದಿನದ್ದಲ್ವಾ ರೀ?"

"ಹೂಂ. ನಿಂಗೆ ಎಷ್ಟು ಸರಿಯಾಗಿ ಕೂರುತ್ತೆ ಅಂತ ತಂದೆ."

ನಾನು ಜೋರಾಗಿ ನಕ್ಕುಬಿಟ್ಟೆ. ಅತ್ತೆ ನಗಲಿಲ್ಲ. "ಆಮೇಲೆ ನನ್ನ ನೋಡೇ ಇಲ್ವಾ ನೀವು?" ಎಂದರು.

"ದಿನಾ ನೋಡ್ತೀನಲ್ಲೇ!" ಮಾವ ನಿಜವಾಗಿಯೂ ಗಾಬರಿಯಾಗಿದ್ದರು. "ಏನೂ ವ್ಯತ್ಯಾಸ ಕಾಣ್ಲಿಲ್ಲ."

ನಾನು ನೀರು ಕುಡಿಯುವ ನೆಪ ಮಾಡಿ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡೆ. ಇಷ್ಟು ವರ್ಷ ಈ ಮನುಷ್ಯನನ್ನು ನೋಡಿ ನಕ್ಕಿದ್ದೇನಲ್ಲ ಎಂದು ನಾಚಿಕೆಯೂ ಆಯಿತು. ಹಿಂದಿನಿಂದ ಅತ್ತೆಯ ದನಿ ಕೇಳಿತು: "ಬದಲಾಯಿಸೋದು ಗಿದಲಾಯಿಸೋದು ಏನೂ ಬೇಡ. ಇದೇ ಇರ್ಲಿ."

ಆ ಚಳಿಗಾಲವೆಲ್ಲ ನೇಸ್‌ನ ಕಾಲುವೆ ದಂಡೆಯ ಮೇಲೆ ಅತ್ತೆ ಗುಂಡಿ ಹಾಕದ ಫರ್ ಕೋಟಿನಲ್ಲಿ ಓಡಾಡಿದರು. ಮುಂದಿನ ಒಂದು ಗೇಣಿಗೆ ಸೀರೆಯ ಸೆರಗೇ ಗತಿ. ಗಾಳಿ ಬೀಸಿದಾಗ ಮಾವ ಮುಂದೆ ಹೋಗಿ ಅಡ್ಡ ನಡೆಯುತ್ತಿದ್ದರು.

ಏಪ್ರಿಲ್‌ನಲ್ಲಿ ಏರ್‌ಪೋರ್ಟಿಗೆ ಬಿಡಲು ಹೋದೆ. ಬಿಸಿಲಿತ್ತು. ಅತ್ತೆ ಕೋಟು ತೊಟ್ಟು ಬೆವರುತ್ತಿದ್ದರು. "ಅದನ್ನ ಇವಳಿಗೇ ಕೊಟ್ಟುಬಿಡೇ, ಮೈಸೂರಲ್ಲಿ ಏನ್ಮಾಡ್ತೀಯ?" ಎಂದರು ಮಾವ. ಅತ್ತೆ ಕೇಳಿಸದವರಂತೆ ಕೈಚೀಲಕ್ಕೆ ಕೈಹಾಕಿ, ಒಗೆದು ಮಡಿಚಿದ ಹಸಿರು ಸ್ವೆಟರ್ ತೆಗೆದು ನನ್ನ ಕೈಗಿಟ್ಟರು.

"ಇದು ನಿಂಗಿರ್ಲಿ ಪುಟ್ಟಿ. ನಂಗೆ ಫರ್ ಕೋಟು ಸಿಕ್ತಲ್ಲ."