ತಿಪ್ಪಮ್ಮನನ್ನು ಹಾಜರುಪಡಿಸಿದ ಬಗ್ಗೆ

ಹೆಸರು ಬದಲಿಸಿಕೊಂಡ ವ್ಯಕ್ತಿಯು, ಅದಕ್ಕೆ ನೋಟರಿಯ ಮೊಹರು ಬೀಳುವವರೆಗೆ, ಇಬ್ಬರು ವ್ಯಕ್ತಿಗಳು. ಹೊಸೂರಿನ ನೋಟರಿ ಲಕ್ಷ್ಮೀಪತಿಯವರ ಕಚೇರಿಯಲ್ಲಿ ಈ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ, ಶಶಿಕಲಾಳೊಬ್ಬಳನ್ನು ಬಿಟ್ಟು.

ಶಶಿಕಲಾ ಅವಲಪಲ್ಲಿಯಲ್ಲಿ ಹಿಟ್ಟಿನ ಮಿಷನ್ ಇಟ್ಟವಳು. ಅವಳಿಗೆ ಮುಂಚೆ ಹುಟ್ಟಿದ ಮಕ್ಕಳು ಉಳಿಯಲಿಲ್ಲವೆಂದು ಹೆತ್ತವರು ಅವಳನ್ನು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪಮ್ಮ ಎಂದು ಕರೆದಿದ್ದರು, ಯಮನಿಗೆ ಅಸಹ್ಯವಾಗಲೆಂದು. ಯಮ ಅಸಹ್ಯಪಟ್ಟು ದೂರವೇ ಉಳಿದ. ನಲವತ್ತು ದಾಟಿದ ಮೇಲೆ ಅವಳು ತಾನೇ ಅಕ್ಷರ ಕಲಿತು, ಮನಸ್ಸಿಗೆ ಬಂದ ಹೆಸರು ಆರಿಸಿ ಗೆಜೆಟ್ಟಿನಲ್ಲಿ ಹಾಕಿಸಿದಳು. ಈಗ ಅಂಗಡಿಯ ಲೈಸೆನ್ಸು ಶಶಿಕಲಾಳದು, ಕರೆಂಟು ತಿಪ್ಪಮ್ಮನದು. ಇಬ್ಬರೂ ಒಬ್ಬಳೇ ಎಂಬ ಅಫಿಡವಿಟ್ ಕೊಡುವ ತನಕ ಕರೆಂಟು ಇಲ್ಲವೆಂದು ವಿದ್ಯುತ್ ಇಲಾಖೆಯವರು ಫ್ಯೂಸು ಕಿತ್ತುಕೊಂಡು ಹೋಗಿದ್ದರು. ಗಿರಾಕಿಗಳು ರಾಗಿ ಹೊತ್ತು ಪಕ್ಕದ ಬೀದಿಯ ಮಿಷನ್ನಿಗೆ ನಡೆದಿದ್ದರು.

“ತಿಪ್ಪಮ್ಮ ಎಲ್ಲಿ?” ಎಂದರು ನೋಟರಿ.

“ನಾನೇ ಸಾರ್.”

“ನೀವು ಶಶಿಕಲಾ.”

“ಅದೂ ನಾನೇ.”

“ಅದನ್ನೇ ತಾನೆ ತಾಯಿ ಸಾಬೀತು ಮಾಡ್ಬೇಕಾಗಿರೋದು? ಮೊದ್ಲೇ ಒಪ್ಕೊಂಡ್ಬಿಟ್ರೆ ಅಫಿಡವಿಟ್ ಯಾಕೆ?”

ಅವಳು ಹಳೇ ರೇಷನ್ ಕಾರ್ಡು, ಹೊಸ ಆಧಾರ್ ಎರಡನ್ನೂ ಮುಂದಿಟ್ಟಳು. “ಮುಖ ಒಂದೇ ಐತೆ, ನೋಡಿ.”

“ಮುಖ ನೋಡೋಕೆ ನಾನೇನು ಹೆಣ್ಣು ನೋಡೋಕೆ ಬಂದಿದ್ದೀನಾ? ತಿಪ್ಪಮ್ಮಂದು ಹೆಬ್ಬೆಟ್ಟು, ನಿಮ್ದು ಸಹಿ.”

“ಹೆಬ್ಬೆಟ್ಟು ಈಗ್ಲೂ ಕೈಯಲ್ಲೇ ಐತೆ ಸಾರ್. ಒತ್ಲಾ?”

“ಸಹಿ ಬರೋರು ಹೆಬ್ಬೆಟ್ಟು ಒತ್ತೋದು ಮೋಸ.”

ಗುಮಾಸ್ತ ಮುನೀಶ್ ಅವಳನ್ನು ಬಾಗಿಲಾಚೆ ಕರೆದ. “ಯಾಕಕ್ಕ ವಾದ? ಹೆಬ್ಬೆಟ್ಟು ಒತ್ತೋರು ಯಾರನ್ನಾದ್ರೂ ಕರ್ಕೊಂಡ್ ಬಾ. ಕಾನೂನಿಗೆ ಇಬ್ರು ಬೇಕು, ಇಬ್ರನ್ನ ಕೊಡು.”

ಶಶಿಕಲಾ ಬಸ್ಸಿನಲ್ಲಿ ದಾರಿಯುದ್ದಕ್ಕೂ ಬೈದುಕೊಂಡೇ ಹೋಗಿ ಪಕ್ಕದ ಮನೆಯ ಅಂಜಿನಮ್ಮನನ್ನು ಕರೆತಂದಳು.

“ಹೆಸರು?”

“ತಿಪ್ಪಮ್ಮ,” ಎಂದಳು ಅಂಜಿನಮ್ಮ.

“ಪಕ್ಕದವರು?”

“ಅದೂ ನಾನೇ ಸಾರ್.”

ಇಷ್ಟು ಸ್ಪಷ್ಟವಾದ ಸಾಕ್ಷ್ಯವನ್ನು ನೋಟರಿಯವರು ಕಂಡಿರಲಿಲ್ಲ. ಮೊಹರು ಬಿತ್ತು: ‘ನನ್ನ ಸಮಕ್ಷಮ ಖುದ್ದು ಹಾಜರಾದ ಇಬ್ಬರು ಮಹಿಳೆಯರು ಅಕ್ಕಪಕ್ಕದಲ್ಲಿ ಕುಳಿತು ತಾವು ಒಬ್ಬರೇ ಎಂದು ದೃಢಪಡಿಸಿರುತ್ತಾರೆ. ನಾನೂ ಕಣ್ಣಾರೆ ನೋಡಿರುತ್ತೇನೆ.’

ಸಂಜೆಗೆ ಫ್ಯೂಸು ಬಂತು. ಬೆಳಗಾಗುತ್ತಲೇ ಅಂಜಿನಮ್ಮನೂ ಬಂದಳು.

“ಕರೆಂಟು ನನ್ನ ಹೆಸ್ರಲ್ಲೈತಲ್ಲಕ್ಕ. ಮಿಷನ್ನಲ್ಲಿ ನಂಗೂ ಪಾಲು ಕೊಡು.”

“ಪಾಲ್ಯಾಕೆ? ಪೂರ್ತಿ ನಿಂದೇ. ನಾನೇ ಅಲ್ವೇನೆ ನೀನು?” ಶಶಿಕಲಾ ಕುರ್ಚಿಯಲ್ಲಿ ಕೂತಳು. “ನಂಗೆ ಸೊಂಟ ನೋವು. ರಾಗಿ ಸುರಿ.”

ದಿನವೆಲ್ಲ ಹಿಟ್ಟು ಮೆತ್ತಿಕೊಂಡ ಅಂಜಿನಮ್ಮ ಕೂಲಿ ಕೇಳಿದಳು. ಸಿಗಲಿಲ್ಲ. ಜಗಳ ನೋಟರಿಯವರ ಮೇಜಿಗೆ ಬಂತು. ಯಾವ ವ್ಯಕ್ತಿಯೂ ತನಗೆ ತಾನೇ ಕೂಲಿ ಕೊಡತಕ್ಕದ್ದಲ್ಲ ಎಂದು ಅವರು ಹೇಳಿದರು.

“ಹಂಗಾರೆ ನಾವು ಇಬ್ರೇ ಸಾರ್, ಒಬ್ರಲ್ಲ!” ಎಂದು ಕೂಗಿದಳು ಅಂಜಿನಮ್ಮ.

“ಅದಕ್ಕೂ ಅಫಿಡವಿಟ್ ಮಾಡ್ಕೊಡೋಣ ತಾಯಿ. ಸುಲಭ. ಒಬ್ರು ಅನ್ನೋಕೆ ಇಬ್ರು ಬೇಕಾಗಿತ್ತು. ಇಬ್ರು ಅನ್ನೋಕೆ ಒಬ್ರು ಬಂದ್ರೆ ಸಾಕು.”

“ಯಾರು ಬರ್ಬೇಕು?”

“ಕೆಲಸ ಇಲ್ದೋರು.”

“ಹಂಗಾರೆ ನಾನೇ ಬತ್ತೀನಿ, ಬಿಡುವಾದಾಗ,” ಎಂದಳು ಶಶಿಕಲಾ.

ಅಂಜಿನಮ್ಮ ಒಪ್ಪಿದಳು. ಮಿಷನ್ನಲ್ಲಿ ಅವಳಿಗೆ ಇನ್ನೂ ರಾಗಿ ಬೀಸುವುದಿತ್ತು.