ಹಗುರ ಕ್ಯಾಮೆರಾ, ಭಾರದ ಸಿಟ್ಟು

"ನನ್ನನ್ನ ನಾಲ್ಕು ಜನ ಎತ್ತೋವರೆಗೂ ಈ ಕ್ಯಾಮೆರಾನ ನಾನೊಬ್ಬನೇ ಎತ್ತೋನು!"

ದೊನ್ ಎವೆಲಿಯೊ, ಅಂದರೆ ಎವೆಲಿಯೊ ಯಜಮಾನರು, ಹೀಗೆ ಘೋಷಿಸಿ ಊಟದ ಮೇಜನ್ನು ಗುದ್ದಿದರು. ಗುದ್ದಿದ್ದೇನೋ ಭರ್ಜರಿಯಾಗಿಯೇ ಇತ್ತು. ಬಟ್ಟಲು ಹಾರಿತು, ಕರಿ ಕಾಳಿನ ಅನ್ನ ಚೆಲ್ಲಿತು, ಬೆಕ್ಕು ಒಲೆಯ ಹಿಂದೆ ಅಡಗಿತು. ಆದರೆ ಗುದ್ದಿದ ಕೈ ಮಾತ್ರ ಮೇಜಿನಿಂದ ಮೇಲೇಳಲೊಲ್ಲದು. ಭುಜ ಹಿಡಿದುಕೊಂಡುಬಿಟ್ಟಿತ್ತು!

"ಮೊದ್ಲು ಕೈ ಎತ್ತಿ, ಆಮೇಲೆ ಕ್ಯಾಮೆರಾ ಎತ್ತೋರಂತೆ," ಎಂದರು ಹೆಂಡತಿ ನೀದಿಯಾ, ಚೆಲ್ಲಿದ ಅನ್ನ ಬಳಿಯುತ್ತ.

"ನೀವು ಸುಮ್ನಿರಿ!"

"ನಾನು ಸುಮ್ನೇ ಇದೀನಿ. ಕಿರುಚ್ತಿರೋದು ನೀವು. ಕಿರುಗುಟ್ತಿರೋದು ನಿಮ್ಮ ಭುಜ."

ಸಾವೆಗ್ರೆ ಹೊಳೆಯ ಆ ಕಣಿವೆಯಲ್ಲಿ ಗಂಡ ಹೆಂಡತಿಗೆ, ಹೆಂಡತಿ ಗಂಡನಿಗೆ, ಇಬ್ಬರೂ ಸೇರಿ ನಾಯಿಗೆ ಬಹುವಚನದಲ್ಲೇ ಬೈಯುವುದು ರೂಢಿ. ನಲವತ್ತನಾಲ್ಕು ವರ್ಷದ ಸಂಸಾರದಲ್ಲಿ ಎವೆಲಿಯೊ ಒಂದು ದಿನವೂ ಮರ್ಯಾದೆ ಬಿಟ್ಟವರಲ್ಲ, ಒಂದು ದಿನವೂ ಸಿಟ್ಟು ಬಿಟ್ಟವರೂ ಅಲ್ಲ.

ಮೂವತ್ತು ವರ್ಷ ಹಾಲಿನ ಲಾರಿ ಓಡಿಸಿದ ಮನುಷ್ಯ. ಆ ಮೂವತ್ತು ವರ್ಷವೂ ನಸುಕಿನಲ್ಲಿ ಕ್ಯಾನು ಇಳಿಸಿ, ಅದೇ ಕೈಯಲ್ಲಿ ಕ್ಯಾಮೆರಾ ಎತ್ತಿಕೊಂಡು ಕೆತ್ಸಾಲ್ ಹಕ್ಕಿಯ ಹಿಂದೆ ಬಿದ್ದವರು. ಹಸಿರು ಮೈ, ಕೆಂಪು ಎದೆ, ಮೊಳದುದ್ದದ ಬಾಲ. ಆ ಹಕ್ಕಿಯನ್ನು ಹಿಡಿಯಲು ಅವರ ಬಳಿ ಇದ್ದ ಲೆನ್ಸು ಒಂದು ವರ್ಷದ ಕೂಸಿನಷ್ಟು ಉದ್ದ, ಕೂಸಿಗಿಂತ ದುಬಾರಿ. ಟ್ರೈಪಾಡೂ ಸೇರಿದರೆ ಒಂಬತ್ತು ಕಿಲೋ! ಹಾಲಿನ ಸಂಘದ ಕ್ಯಾಲೆಂಡರಿನ ಮುಖಪುಟದಲ್ಲಿ ಸತತ ಇಪ್ಪತ್ತೆರಡು ವರ್ಷ ಅವರದೇ ಫೋಟೋ. ಹೆಗಲ ಮೇಲೆ ಆ ತೋಪು ಹೊತ್ತು ಅವರು ಇಗರ್ಜಿಯ ಮುಂದೆ ಹಾದುಹೋದರೆ ಜನ ದಾರಿ ಬಿಡುತ್ತಿದ್ದರು. ಯಾವ ಕಡೆಯಿಂದ ನೋಡಿದರೂ ತೂಕದ ಮನುಷ್ಯ!

ಅಂಥವರಿಗೆ ಆಸ್ಪತ್ರೆಯ ಡಾಕ್ಟರಮ್ಮ ಹೇಳಿದ್ದೇನು? "ಅರವತ್ತೊಂಬತ್ತಾಯ್ತು ದೊನ್ ಎವೆಲಿಯೊ. ಇನ್ನು ಎರಡು ಕಿಲೋ ಮೇಲೆ ಎತ್ತಬಾರದು."

"ನನ್ನ ಸಿಟ್ಟೇ ಎರಡು ಕಿಲೋ ಇದೆ! ಅದನ್ನೆಲ್ಲಿ ಇಳಿಸ್ಲಿ?"

ಈ ಮಾತು ಊರಿಗೆ ಹಬ್ಬುವಷ್ಟರಲ್ಲಿ ಪಕ್ಕದ ಮನೆಯ ಉಲಿಸೆಸ್ ಬೇಲಿಯ ಮೇಲಿಂದ ಬಗ್ಗಿದ. ಅವನೂ ಹಕ್ಕಿಯ ಫೋಟೋ ಹಿಡಿಯುವವನೇ. ಆದರೆ ಎರಡು ವರ್ಷದ ಹಿಂದೆ ಸೊಂಟ ಹಿಡಿದ ಮೇಲೆ ಪುಟ್ಟ ಹಗುರ ಕ್ಯಾಮೆರಾಕ್ಕೆ ಇಳಿದವನು. ಇಳಿದವನು ಎಂಬುದು ಎವೆಲಿಯೊ ಅವರ ಪದ. ಮನೆಯಲ್ಲಿ ಯಾರಿದ್ದೀರಿ ಎಂದು ಕೇಳಲು ಕಣಿವೆಯವರು ಕೂಗುವ ಹಾಗೆಯೇ ಅವನೂ ಕೂಗಿದ:

"ಊಪೆ, ನೆರೆಯವರೇ! ಇದನ್ನ ಹಿಡ್ಕೊಂಡು ನೋಡಿ. ಇದೆ ಅಂತಲೇ ಗೊತ್ತಾಗಲ್ಲ!"

"ನಿಮ್ಮ ಮಿದುಳಿನ ಹಾಗೆ!"

"ಹಗುರವಾಗಿ ತಗೊಳ್ಳಿ ಅಂದೆ, ಅಷ್ಟೇ."

"ನನ್ನನ್ನ ಹಗುರವಾಗಿ ತಗೋಬೇಡಿ ಅಂದೆ, ಅಷ್ಟೇ!"

ಕಿಟಕಿ ಧಡಾರನೆ ಮುಚ್ಚಿತು. ಮುಚ್ಚಿದ ರಭಸಕ್ಕೆ ಭುಜ ಮತ್ತೆ ಹಿಡಿದುಕೊಂಡಿತು. ಆ ನೋವಿನಲ್ಲೂ ತಾನಿನ್ನೂ ಗಟ್ಟಿಮುಟ್ಟು ಎಂದು ಊರಿಗೆಲ್ಲ ತೋರಿಸಲೇಬೇಕಲ್ಲ! ಮರುದಿನ ಬೆಳಿಗ್ಗೆ ಒಂಬತ್ತೂ ಕಿಲೋ ಹೊತ್ತು, ಬೇಕೆಂದೇ ಉಲಿಸೆಸನ ಮೀನುಕೊಳದ ದಂಡೆಯ ಮೇಲೆ ಎದೆಯುಬ್ಬಿಸಿ ನಡೆದರು. ಉಲಿಸೆಸ್ ಟ್ರೌಟ್ ಮೀನುಗಳಿಗೆ ಮೇವು ಚೆಲ್ಲುತ್ತಿದ್ದ. ಅವನತ್ತ ಗತ್ತಿನಿಂದ ಕೈಯೆತ್ತಿ ನಮಸ್ಕರಿಸಲು ಹೋದದ್ದೇ ತಪ್ಪಾಯಿತು. ಕೈ ಅರ್ಧಕ್ಕೆ ನಿಂತಿತು, ಟ್ರೈಪಾಡು ಒಂದು ಕಡೆ ವಾಲಿತು, ಅದರ ಹಿಂದೆ ಲೆನ್ಸು, ಲೆನ್ಸಿನ ಹಿಂದೆ ಮಾಲೀಕರು. ಧುಡುಮ್!

ಎವೆಲಿಯೊ ಮೇಲೆ ಬಂದರು. ಲೆನ್ಸು ಬರಲಿಲ್ಲ. ಕೊಕ್ಕೆ ಹಾಕಿ ಎಳೆದಾಗ ಅದರೊಳಗಿಂದ ಒಂದು ಸಣ್ಣ ಮೀನು ಹೊರಬಿತ್ತು.

ನೀದಿಯಾ ಅದನ್ನು ಒರೆಸಿದರು, ಒಲೆಯ ಬಳಿ ಇಟ್ಟರು, ಅಕ್ಕಿಯ ಮೂಟೆಯಲ್ಲಿ ಹೂತರು. ಏನೂ ಆಗಲಿಲ್ಲ. ಎರಡು ದಿನ ಎವೆಲಿಯೊ ಕೊಟ್ಟಿಗೆಯ ಹಿಂದೆ, ಸತ್ತ ಲೆನ್ಸಿನ ಪಕ್ಕ ಕೂತರು. ಬೈಯಲಿಲ್ಲ! ಇದು ನೀದಿಯಾಗೆ ನಿಜವಾಗಿಯೂ ಹೆದರಿಕೆ ಹುಟ್ಟಿಸಿತು. ಬಿಸಿ ಬೆಲ್ಲದ ನೀರು ತಂದುಕೊಟ್ಟು ಪಕ್ಕದಲ್ಲಿ ಕೂತರು.

"ನಿಮ್ಮ ಸಿಟ್ಟು ಹಗುರ ಕ್ಯಾಮೆರಾ ಮೇಲಲ್ಲ."

"ಮತ್ತೆ?"

"ಇದನ್ನ ಕೆಳಗಿಟ್ರೆ ಇನ್ನೇನೇನು ಕೆಳಗಿಡಬೇಕಾಗುತ್ತೋ ಅಂತ."

ಎವೆಲಿಯೊ ಒಂದು ಗುಟುಕು ಹೀರಿದರು. ಬೆಲ್ಲದ ನೀರು ತಣ್ಣಗಾಗಿದೆ ಎಂದು ರೇಗಿದರು. ಅದು ಹೊಗೆಯಾಡುತ್ತಿತ್ತು. ಸದ್ಯ, ಗಂಡ ಬದುಕಿದ ಎಂದುಕೊಂಡರು ನೀದಿಯಾ.

ಮರುದಿನ ಆಕೆ ಬಸ್ಸು ಹತ್ತಿ ರಾಜಧಾನಿಗೆ ಹೋಗಿ, ಮನೆಯಲ್ಲಿದ್ದ ಹಳೆಯ ಲೆನ್ಸುಗಳನ್ನೆಲ್ಲ ಅಂಗಡಿಗೆ ಕೊಟ್ಟು, ಅವುಗಳ ಬದಲು ಒಂದು ಪುಟ್ಟ ಕ್ಯಾಮೆರಾ ತಂದರು. ಎವೆಲಿಯೊ ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು.

"ಇದೇನು, ಸೋಪಿನ ಡಬ್ಬಿಯಾ?"

"ಲೆನ್ಸೂ ಸೇರಿ ಒಂದೂಕಾಲು ಕಿಲೋ."

"ಗುಂಡಿಗಳು ಎಳ್ಳಿನಷ್ಟಿವೆ! ಅಕ್ಷರಗಳು ಇರುವೆ ಓಡಿದ ಹಾಗಿವೆ! ಇದನ್ನ ಮಾಡಿದೋರು ಯಾರಿಗೋಸ್ಕರ ಮಾಡಿದ್ರು, ಇಲಿಗಳಿಗಾ?"

ನಾಲ್ಕು ದಿನ ಅವರೂ ಆ ಡಬ್ಬಿಯೂ ಕುಸ್ತಿಯಾಡಿದರು. ಮೊದಲನೆಯ ದಿನ ಅದು ಪೀಪ್ ಪೀಪ್ ಎಂದು ಕೂಗಿತು. ಎರಡನೆಯ ದಿನ ತಮ್ಮ ಹೆಬ್ಬೆರಳ ಫೋಟೋ ಮುನ್ನೂರು ಬಂತು. ಮೂರನೆಯ ದಿನ ಸಿಟ್ಟಿನಲ್ಲಿ ಎಲ್ಲ ಗುಂಡಿಗಳನ್ನೂ ಒಟ್ಟಿಗೆ ಒತ್ತಿದ್ದಕ್ಕೆ ಮೆನು ಪೂರ್ತಿ ಜಪಾನಿ ಭಾಷೆಗೆ ತಿರುಗಿತು. ನಾಲ್ಕನೆಯ ದಿನ ಜಪಾನನ್ನೇ ಬೈದರು, ಅದೂ ಬಹುವಚನದಲ್ಲಿ.

ಆದರೆ ಶನಿವಾರ ಬಂದೇಬಿಟ್ಟಿತು. ಅಂದು ಸಂಜೆ ಐದಕ್ಕೆ ಕ್ಯಾಲೆಂಡರಿಗೆ ಫೋಟೋ ಕೊಡುವ ಗಡುವು. ಗುಡ್ಡದ ಮೇಲಿನ ಒಣಮರದ ಪೊಟರೆಯಲ್ಲಿ ಕೆತ್ಸಾಲ್ ಮರಿ ಇವತ್ತೋ ನಾಳೆಯೋ ಹಾರುವುದರಲ್ಲಿತ್ತು. ಮರಿಯ ಮೊದಲ ಹಾರಾಟ! ಇಪ್ಪತ್ತೆರಡು ವರ್ಷದಲ್ಲಿ ಅವರಿಗೂ ಸಿಕ್ಕದ ಚಿತ್ರ. ಬಿಟ್ಟರೆ ಉಲಿಸೆಸ್ ಹೊಡೆಯುತ್ತಾನೆ. ಉಲಿಸೆಸನ ಫೋಟೋವನ್ನು ವರ್ಷವಿಡೀ ತಮ್ಮ ಅಡಿಗೆಮನೆಯ ಗೋಡೆಯಲ್ಲಿ ನೋಡುವುದಕ್ಕಿಂತ ಗೋಡೆಯನ್ನೇ ಕೆಡವುವುದು ಮೇಲು!

ನಸುಕಿಗೆ ಎದ್ದು, ಬಾಗಿಲ ಬಳಿಯ ಮೊಳೆಯಿಂದ ಚೀಲ ಎಳೆದುಕೊಂಡು ಹೊರಟರು. ಈ ಚೀಲದ ವಿಷಯ ಒಂದು ಮಾತು. ನೀದಿಯಾ ಗಂಡನ ಹಳೆಯ ನೀಲಿ ಪ್ಯಾಂಟು ಕತ್ತರಿಸಿ ಎರಡು ಚೀಲ ಹೊಲಿದಿದ್ದರು. ಎಡಗಾಲು ಬುತ್ತಿಗೆ, ಬಲಗಾಲು ಕ್ಯಾಮೆರಾಕ್ಕೆ. ಒಂಬತ್ತು ಕಿಲೋ ಕಾಲದಲ್ಲಾಗಿದ್ದರೆ ಚೀಲ ಮುಟ್ಟುತ್ತಲೇ ಬೆನ್ನುಮೂಳೆ ಹೇಳಿಬಿಡುತ್ತಿತ್ತು, ಯಾವುದು ಯಾವುದೆಂದು. ಈಗ ಕ್ಯಾಮೆರಾದ ತೂಕವೂ ಬುತ್ತಿಯ ತೂಕವೂ ಒಂದೇ!

ಗುಡ್ಡ ಹತ್ತುವುದು ಎಷ್ಟು ಸಲೀಸಾಯಿತೆಂದರೆ ಅವರಿಗೇ ಸಿಟ್ಟು ಬಂತು. ಎಂಟು ಕಡೆ ಕೂರುತ್ತಿದ್ದವರು ಈಗ ಎಲ್ಲೂ ಕೂರಲಿಲ್ಲ. ಅರ್ಧ ದಾರಿಯಲ್ಲಿ ಶಿಳ್ಳೆ ಹೊಡೆಯುತ್ತಿದ್ದೇನೆಂದು ಗೊತ್ತಾಗಿ ಗಪ್ಪನೆ ಬಾಯಿ ಮುಚ್ಚಿದರು. ಯಾರಾದರೂ ಕೇಳಿಸಿಕೊಂಡರೆ?

ಮೇಲೆ ಉಲಿಸೆಸ್ ಆಗಲೇ ಕೂತಿದ್ದ. "ಬನ್ನಿ ಬನ್ನಿ. ಎಲ್ಲಿ, ನಿಮ್ಮ ಹೊಸ ಆಯುಧ ತೋರ್ಸಿ!"

"ನೋಡೋರಂತೆ, ನೋಡೋರಂತೆ!"

ಅಷ್ಟರಲ್ಲಿ ಪೊಟರೆಯಿಂದ ಪುಟ್ಟ ಕಂದು ತಲೆಯೊಂದು ಹೊರಬಂತು. ಅಪ್ಪ ಹಕ್ಕಿ ಎದುರಿನ ಕೊಂಬೆಯಿಂದ ಕರೆಯಿತು. ಮರಿ ಅಂಚಿಗೆ ಬಂದು ರೆಕ್ಕೆ ಬಿಚ್ಚಿತು. ಎವೆಲಿಯೊ ಕಣ್ಣನ್ನು ಹಕ್ಕಿಯಿಂದ ಕೀಳದೆ, ಚೀಲಕ್ಕೆ ಕೈಹಾಕಿ, ಹೊರಕ್ಕೆ ಸೆಳೆದು, ಮುಖದ ಮುಂದೆ ಹಿಡಿದರು.

ಬಿಸಿಬಿಸಿಯಾಗಿತ್ತು. ಬಾಳೆಲೆಯ ವಾಸನೆ ಬಂತು.

ತಮಾಲ್! ಜೋಳದ ಹಿಟ್ಟನ್ನು ಬಾಳೆಲೆಯಲ್ಲಿ ಕಟ್ಟಿ ಬೇಯಿಸಿದ ನೀದಿಯಾ ಕೈಯ ಅಪ್ಪಟ ತಮಾಲ್! ಮತ್ತೆ ಕೈಹಾಕಿದರು. ಇನ್ನೊಂದು ತಮಾಲ್! ಕೆಳಗೆ ಕಾಫಿ ಫ್ಲಾಸ್ಕು!

"ಆಹಾ! ಎಷ್ಟು ಮೆಗಾಪಿಕ್ಸೆಲ್?" ಎಂದ ಉಲಿಸೆಸ್.

ಎವೆಲಿಯೊ ಎದ್ದುನಿಂತು ಎರಡೂ ಮುಷ್ಟಿಯಲ್ಲಿ ತಮಾಲ್ ಹಿಡಿದು ಆಕಾಶಕ್ಕೆ ಗುದ್ದಿದರು. ಭುಜ ಎತ್ತಲು ಬಂತು ಎಂಬುದೂ ಅವರ ಗಮನಕ್ಕೆ ಬರಲಿಲ್ಲ! "ಪ್ಯಾಂಟು ಹೊಲಿದೋರ ಮನೆ ಹಾಳಾಗ! ಹಗುರ ಕಂಡುಹಿಡಿದೋರ ವಂಶ ಹಾಳಾಗ! ಈ ಭುಜ, ಈ ವಯಸ್ಸು, ಈ ಡಾಕ್ಟರು..."

ಉಲಿಸೆಸ್ ನಕ್ಕ ನಗೆಗೆ ಅವನ ಕ್ಯಾಮೆರಾ ಕುಣಿಯಿತು. ಮರಿ ಹಾರಿದ್ದು ಆ ಕ್ಷಣದಲ್ಲೇ. ಪಟಪಟನೆ ಬಡಿದು, ಕೊಂಬೆಗೆ ಗುರಿಯಿಟ್ಟು, ಗುರಿ ತಪ್ಪಿ, ಉರುಳುರುಳಿ ಬಂದು ಸಿಕ್ಕಿದ್ದರ ಮೇಲೆ ಕೂತಿತು. ಸಿಕ್ಕಿದ್ದು ಎವೆಲಿಯೊ ಅವರ ಟೋಪಿ! ಟೋಪಿಯ ಕೆಳಗಿದ್ದವರ ಬಾಯಿ ತೆರೆದದ್ದು ತೆರೆದೇ ಇತ್ತು.

ಹಿಂದಿನ ಪೊದೆಯಿಂದ ಟರ್‌ರ್‌ರ್ ಎಂದು ಮಿಡತೆ ಕೂಗಿದಂಥ ಸದ್ದಾಯಿತು. ಮರಿ ಬೆಚ್ಚಿ ಅಪ್ಪನ ಬಳಿ ಹಾರಿತು. ಎವೆಲಿಯೊ ತಿರುಗಿ ನೋಡಿದರೆ ನೀದಿಯಾ! ಮೈಯೆಲ್ಲ ಬೆವರು, ಕಾಲಲ್ಲಿ ಮನೆಯ ಚಪ್ಪಲಿ, ಕೈಯಲ್ಲಿ ಕ್ಯಾಮೆರಾ.

"ಬುತ್ತಿ ಬಿಟ್ಟು ಹೋದ್ರು ಅಂತ ಚೀಲ ಬಿಚ್ಚಿದೆ, ಇದಿತ್ತು. ಕೊಡೋಣ ಅಂತಲೇ ಓಡಿಬಂದೆ. ಆದ್ರೆ ನಿಮ್ಮನ್ನ ನೋಡಿ... ಒಂದು ಗುಂಡಿ ಒತ್ತಿದೆ. ಅದು ನಲವತ್ತು ತೆಗೀತು!"

ಮನೆಗೆ ಬಂದು, ಸಂಜೆ ನಾಲ್ಕರವರೆಗೂ ಮುನಿಸಿಕೊಂಡು ಕೂತು, ಆಮೇಲೆ ಆ ನಲವತ್ತನ್ನೂ ಎವೆಲಿಯೊ ನೋಡಿದರು. ಕ್ಯಾಮೆರಾದ ಹಿಂದೆ ನಿಂತೇ ಆಯುಷ್ಯ ಕಳೆದವರಿಗೆ ತಮ್ಮದೇ ಫೋಟೋ ಅಪರೂಪ. ಬಿಳಿ ಮೀಸೆ, ಉಬ್ಬಿದ ಕತ್ತಿನ ನರ, ಎರಡು ಕೈಯಲ್ಲಿ ಎರಡು ತಮಾಲ್, ತಲೆಯ ಮೇಲೆ ಕಣ್ಣರಳಿಸಿ ಕೂತ ಮರಿ. ಈ ಮುದುಕ ಯಾರು ಎಂದು ಒಂದು ಕ್ಷಣ ನಿಜವಾಗಿಯೂ ತಿಳಿಯಲಿಲ್ಲ. ಚಿತ್ರ ಮಾತ್ರ ಸೂಜಿಯಲ್ಲಿ ಕೊರೆದಷ್ಟು ಸ್ಪಷ್ಟವಾಗಿತ್ತು. ಅದೇ ಅವರ ಹೊಟ್ಟೆ ಉರಿಸಿತು.

"ಅಳಿಸ್ತೀನಿ! ಒಂದೂ ಉಳಿಸಲ್ಲ!"

"ಅಳಿಸಿ."

ಆದರೆ ಅಳಿಸುವುದು ಹೇಗೆ? ಮೆನು ಜಪಾನಿಯಲ್ಲಿತ್ತು! ಅವರು ಕನ್ನಡಕ ಹುಡುಕುವಷ್ಟರಲ್ಲಿ ನೀದಿಯಾ ಕ್ಯಾಮೆರಾ ಎತ್ತಿಕೊಂಡು ಹಾಲಿನ ಸಂಘದ ಕಚೇರಿ ಸೇರಿದ್ದರು. ಗಡಿಯಾರ ನಾಲ್ಕು ಐವತ್ತು ತೋರಿಸುತ್ತಿತ್ತು. ಉಲಿಸೆಸನ ಫೋಟೋಗಳೂ ಅಲ್ಲಿದ್ದವು, ಎಲ್ಲವೂ ಅವನು ನಕ್ಕಷ್ಟೇ ಅಲುಗಾಡಿದ್ದವು.

ಹೊಸ ವರ್ಷಕ್ಕೆ ಕ್ಯಾಲೆಂಡರು ಬಂತು. ಮುಖಪುಟದಲ್ಲಿ ಎವೆಲಿಯೊ! ಕಣಿವೆಯ ಪ್ರತಿ ಅಡಿಗೆಮನೆಯಲ್ಲಿ, ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ, ಆಸ್ಪತ್ರೆಯಲ್ಲಿ ಡಾಕ್ಟರಮ್ಮನ ಬೆನ್ನ ಹಿಂದೆ, ಬಾಯಿ ತೆರೆದು ಕೂಗುತ್ತಿರುವ ಎವೆಲಿಯೊ! ಕೆಳಗೆ ಸಣ್ಣಕ್ಷರದಲ್ಲಿ: ಚಿತ್ರ, ನೀದಿಯಾ ಸೆಸ್ಪೆದೆಸ್. ಊರವರು ನೀದಿಯಾಗೆ ದಾರಿ ಬಿಡತೊಡಗಿದರು.

ಎರಡು ವಾರ ಎವೆಲಿಯೊ ಮನೆಯಿಂದ ಹೊರಬೀಳಲಿಲ್ಲ. ಮೂರನೆಯ ವಾರ ಹಕ್ಕಿ ನೋಡಲು ಬಂದ ಪ್ರವಾಸಿಗಳ ದೊಡ್ಡ ಗುಂಪೊಂದು ಅಂಗಳದಲ್ಲಿ ನಿಂತಿತು. ಎಲ್ಲರ ಕೈಯಲ್ಲೂ ಕ್ಯಾಲೆಂಡರು, ಎಲ್ಲರ ಕತ್ತಿನಲ್ಲೂ ಕ್ಯಾಮೆರಾ. "ಊಪೆ! ಕೆತ್ಸಾಲ್ ಆಮೇಲೆ ನೋಡ್ತೀವಿ," ಎಂದಿತು ಗುಂಪು. "ಮೊದ್ಲು ಆ ಯಜಮಾನರನ್ನ ತೋರ್ಸಿ!"

ಎವೆಲಿಯೊ ಬಾಗಿಲು ಒದ್ದುಕೊಂಡು ಹೊರಬಂದರು. ಮೀಸೆ ನೆಟ್ಟಗಾಗಿತ್ತು. ಕತ್ತಿನ ನರ ಉಬ್ಬಿತ್ತು. ಎರಡೂ ಮುಷ್ಟಿ ಮೇಲೆದ್ದವು.

"ನಾನೇನು ಪ್ರಾಣಿನಾ? ಇದೇನು ಮೃಗಾಲಯನಾ? ಹೋಗ್ತೀರೋ ಇಲ್ವೋ..."

ಮೆಟ್ಟಿಲ ಬಳಿ ಒಂದು ಮಂಡಿಯೂರಿ ಕೂತಿದ್ದ ನೀದಿಯಾ ಕಣ್ಣಿಂದ ಕ್ಯಾಮೆರಾ ಇಳಿಸದೆಯೇ ಕೈ ಅಡ್ಡ ಹಿಡಿದು ಗದರಿದರು:

"ಹಾಗೇ ಇರಿ, ಸಿಟ್ಟು ಇಳಿಸ್ಬೇಡಿ! ಬೆಳಕು ಈಗ ಚೆನ್ನಾಗಿ ಬರ್ತಿದೆ!"