ವಾರಕ್ಕೆ ನೂರು ಕಿಲೋಮೀಟರು

ನನಗೆ ಸೈಕಲ್ ಮೇಲೆ ಬಹಳ ಪ್ರೀತಿ ಎಂದು ನಮ್ಮ ಬೀದಿಯವರೆಲ್ಲ ತಿಳಿದುಕೊಂಡಿದ್ದಾರೆ. ಅದು ಅವರ ಒಳ್ಳೆಯತನ. ನಿಜ ಹೇಳಬೇಕೆಂದರೆ ನನಗೆ ಪ್ರೀತಿ ಇರುವುದು ಕಿಲೋಮೀಟರಿನ ಮೇಲೆ. ಸೈಕಲ್ ಅದನ್ನು ತಯಾರಿಸುವ ಯಂತ್ರ, ಅಷ್ಟೆ. ಬೆಳಗಿನ ತಂಪು ಗಾಳಿ, ಗುಲಾಬಿ ತೋಟಗಳ ಪ್ಲಾಸ್ಟಿಕ್ ಚಪ್ಪರದ ಆಚೆ ಮೇಲೇಳುವ ಸೂರ್ಯ, ಇವನ್ನೆಲ್ಲ ನೋಡಲು ಹೊರಡುತ್ತೇನೆ ಎಂದು ನಾಲ್ಕು ಜನರ ಮುಂದೆ ಹೇಳಿಕೊಳ್ಳುವುದುಂಟು. ಆದರೆ ಫೋನಿನಲ್ಲಿ ದೂರ ಅಳೆಯುವ ಆ್ಯಪನ್ನು ಒತ್ತುವುದು ಮರೆತು ಎರಡು ಕಿಲೋಮೀಟರು ಬಂದುಬಿಟ್ಟಿದ್ದೇನೆ ಎಂದು ಗೊತ್ತಾದ ದಿನ ಆ ಸೂರ್ಯನ ಮೇಲೇ ನನಗೆ ಸಿಟ್ಟು ಬಂದಿತ್ತು. ಲೆಕ್ಕಕ್ಕೆ ಸಿಗದ ಬೆವರು ಯಾರಿಗೆ ಬೇಕು? ವಾಪಸ್ಸು ಮನೆ ಬಾಗಿಲಿಗೆ ಬಂದು, ಗುಂಡಿ ಒತ್ತಿ, ಅದೇ ದಾರಿಯಲ್ಲಿ ಮತ್ತೆ ಹೊರಟೆ. ಎದುರು ಮನೆಯ ಅಜ್ಜಿ ರಂಗೋಲಿ ಬಿಡುತ್ತಿದ್ದವರು ತಲೆ ಎತ್ತಿ, ಏನೋ ಮರೆತು ಹೋಗಿರಬೇಕು ಪಾಪ ಎಂಬಂತೆ ನೋಡಿದರು.

ಇದು ನನ್ನ ಸ್ವಭಾವದ ದೋಷವಲ್ಲ, ಕಸುಬಿನ ದೋಷ. ಕುಣಿಗಲ್ ಕಡೆಯವನಾದ ನಾನು ಎರಡು ವರ್ಷ ಇದ್ದು ಹೋಗೋಣವೆಂದು ಗಡಿಯಾಚೆಯ ಹೊಸೂರಿನ ಒಂದು ಕಾರ್ಖಾನೆಗೆ ಸೇರಿದವನು, ಇಪ್ಪತ್ತೆಂಟು ವರ್ಷವಾದರೂ ಇಲ್ಲೇ ಇದ್ದೇನೆ. ನನ್ನದು ತಪಾಸಣೆಯ ವಿಭಾಗ. ತಯಾರಾಗಿ ಬಂದ ಬಿಡಿಭಾಗಗಳನ್ನು ಅಳೆದು, ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದರೂ ಕೆಂಪು ಚೀಟಿ ಅಂಟಿಸಿ ವಾಪಸ್ಸು ಕಳಿಸುವುದು ನನ್ನ ಕೆಲಸ. ಮನೆಯಲ್ಲಿ ಕನ್ನಡ, ಕಾರ್ಖಾನೆಯಲ್ಲಿ ತಮಿಳು, ಸಂತೆಯಲ್ಲಿ ಅರ್ಧ ತೆಲುಗು ಎಂದು ಹೇಗೋ ಬದುಕು ಸಾಗಿದೆ. ಮೂರು ಭಾಷೆಯಲ್ಲೂ ನಾನು ತಪ್ಪಿಲ್ಲದೆ ಹೇಳಬಲ್ಲ ವಾಕ್ಯ ಒಂದೇ: 'ಇದು ನಡೆಯಲ್ಲ, ತಗೊಂಡು ಹೋಗಿ.'

ಎರಡು ವರ್ಷದ ಹಿಂದೆ ರಕ್ತದಲ್ಲಿ ಸಕ್ಕರೆ ಕಾಣಿಸಿಕೊಂಡಾಗ ಡಾಕ್ಟರು, "ದಿನಾ ಏನಾದ್ರೂ ವ್ಯಾಯಾಮ ಮಾಡಿ" ಎಂದರು. ಅವರು ಹೇಳಿದ್ದು ಬರೀ ಅಷ್ಟೇ. ನೂರು ಕಿಲೋಮೀಟರು ಎಂದು ಅವರು ಹೇಳಲಿಲ್ಲ, ಸಾಕಷ್ಟು ದುಬಾರಿಯ ಗೇರು ಸೈಕಲ್ ತಗೊಳ್ಳಿ ಎಂದೂ ಹೇಳಲಿಲ್ಲ. ಅವೆರಡೂ ನನ್ನ ಸ್ವಂತ ಬುದ್ಧಿಯಿಂದ ಬಂದವು. ಸೈಕಲ್ ಬಂದ ದಿನವೇ ಅಡುಗೆಮನೆಯ ಬಾಗಿಲ ಪಕ್ಕದ ಕ್ಯಾಲೆಂಡರಿನ ಹಿಂಬದಿಗೆ ಗೆರೆ ಎಳೆದೆ. ನಮ್ಮ ಕಾರ್ಖಾನೆಯ ಬೋರ್ಡಿನಲ್ಲಿ ಇರುವ ಹಾಗೆಯೇ ನಾಲ್ಕು ಕಾಲಂ: ಗುರಿ, ಆದದ್ದು, ಕೊರತೆ, ಕಾರಣ. ಕೊರತೆ ಬಿದ್ದ ವಾರ ಕಾರಣ ಬರೆಯಲೇಬೇಕು, ಅದು ಪದ್ಧತಿ. ಇಪ್ಪತ್ತೆಂಟು ವರ್ಷ ಬೇರೆಯವರು ಬರೆದ ಕಾರಣಗಳನ್ನು ಓದಿ ಮೂಗು ಮುರಿದವನಿಗೆ ಸ್ವಂತ ಕಾರಣ ಬರೆಯುವಾಗ ಎಂಥ ಸುಖ ಸಿಕ್ಕಿತು ಅಂತೀರಿ! 'ಮಳೆ.' 'ನೆಂಟರು.' 'ಮಳೆ ಬರುವ ಹಾಗಿತ್ತು.' ಆಮೇಲೆ ನಾನು ಹೋಗುವ ದಾರಿಯ ಸಾನಮಾವು ಕಾಡಿನ ಕಡೆ ಆನೆ ಬಂದಿದೆ, ಆ ರಸ್ತೆಯಲ್ಲಿ ಓಡಾಡಬೇಡಿ ಎಂದು ಅರಣ್ಯ ಇಲಾಖೆಯವರು ಹೇಳಿದರು. ನನಗೆ ದೇವರೇ ಪ್ರತ್ಯಕ್ಷನಾದ ಹಾಗಾಯಿತು. ಕಾರಣದ ಕಾಲಮ್ಮಿನಲ್ಲಿ 'ಆನೆ' ಎಂದು ಬರೆದರೆ ಯಾರಾದರೂ ಎದುರು ಮಾತಾಡುವುದುಂಟೆ?

ನನ್ನ ಹೆಂಡತಿ ಸರೋಜ ಮಾತಾಡಿದಳು. ಮಾಲೂರಿನ ಹೆಣ್ಣು, ಸುಮ್ಮನೆ ಇದ್ದು ಸುಮ್ಮನೆ ಇದ್ದು ಒಂದು ದಿನ ಕೇಳುವವಳು. ಮೇ ತಿಂಗಳ ಒಂದು ಭಾನುವಾರ ಕ್ಯಾಲೆಂಡರನ್ನು ತಿರುಗಿಸಿ ನೋಡಿ, "ಅಲ್ಲಾ ರೀ, ಆನೆ ಬರೋದು ರಾಗಿ ಕೊಯ್ಲಿಗೆ. ನಿಮ್ಮ ಆನೆ ಬ್ಯಾಸಗೇಲೂ ಇಲ್ಲೇ ಅದೆಯಲ್ಲ, ಅದಕ್ಕೇನು ಮನೆ ಮಠ ಇಲ್ವಾ?" ಎಂದಳು. ನಾನು ಪೇಪರಿನಲ್ಲಿ ಮುಖ ಮುಚ್ಚಿಕೊಂಡೆ. ಅವಳು ಪೆನ್ನು ತೆಗೆದುಕೊಂಡು ಕಾರಣದ ಕಾಲಮ್ಮಿಗೆ ಉದ್ದಕ್ಕೂ ಕಾಟು ಹಾಕಿದಳು. ಅಲ್ಲಿಗೇ ನಿಲ್ಲಲಿಲ್ಲ. ಇವತ್ತಿನಿಂದ ಐವತ್ತೆರಡು ವಾರ, ವಾರಕ್ಕೆ ನೂರು, ಭಾನುವಾರ ಮಧ್ಯಾಹ್ನದ ಊಟದ ಹೊತ್ತಿಗೆ ಲೆಕ್ಕ ಮುಗಿಯಬೇಕು. ಒಂದೇ ಒಂದು ವಾರ ತಪ್ಪಿದರೂ ಸೈಕಲ್ ಅವಳ ತಮ್ಮ ನಾಗರಾಜನಿಗೆ. "ಅವನಾದ್ರೂ ತುಳೀತಾನೆ" ಎಂದಳು. ನಾಗರಾಜ ಮಾಲೂರಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವನು. ನಮ್ಮ ಮನೆಗೆ ಬಂದಾಗಲೆಲ್ಲ ಮೊದಲು ಸೈಕಲ್ಲಿನ ಸೀಟು ಸವರಿ ಆಮೇಲೆ ನನ್ನ ಆರೋಗ್ಯ ವಿಚಾರಿಸುವವನು. ನನಗೆ ರೋಷ ಬಂತು. ಒಪ್ಪಿದೆ.

ಆಮೇಲಿನ ಐವತ್ತೊಂದು ವಾರ ನಾನು ತಪ್ಪಿಸಲಿಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ, ಆದರೆ ಹೇಗೆ ಎಂದು ಕೇಳಬೇಡಿ. ಕೇಳಿದಿರಾ? ಹಾಗಾದರೆ ಹೇಳಿಬಿಡುತ್ತೇನೆ. ವಾರದ ಲೆಕ್ಕ ಮುಗಿಯಲು ಒಂದು ಗಂಟೆ ಇರುವಾಗ ತೊಂಬತ್ತೆಂಟೂವರೆ ಆಗಿದ್ದು ಕಂಡು ಬಡಾವಣೆಯ ನೀರಿನ ಟ್ಯಾಂಕಿಗೆ ಹನ್ನೆರಡು ಪ್ರದಕ್ಷಿಣೆ ಹಾಕಿದ್ದೇನೆ. ಅಲ್ಲಿ ದೇವರು ಯಾವಾಗ ಬಂದ ಎಂದು ಒಬ್ಬಾಕೆ ಕೇಳಿದ್ದೂ ಉಂಟು. ಸರೋಜಳ ಚಿಕ್ಕಪ್ಪನ ಮಗಳ ಮದುವೆಗೆ ಮಾಲೂರಿಗೆ ಸೈಕಲ್ಲಿನಲ್ಲೇ ಹೋಗಿ, ಧಾರೆಯ ಹೊತ್ತಿಗೆ ಕೆರೆ ಏರಿಯ ಮೇಲೆ ಎರಡು ಕಿಲೋಮೀಟರು ಬಾಕಿ ತೀರಿಸುತ್ತಿದ್ದೆ. ಫೋಟೋದಲ್ಲಿ ನಾನು ಇಲ್ಲ. ಸಕ್ಕರೆ ಮಾತ್ರ ಇಳಿಯಿತು, ಡಾಕ್ಟರು ಬೆನ್ನು ತಟ್ಟಿದರು.

ಐವತ್ತೆರಡನೆಯ ವಾರ ಕಾರ್ಖಾನೆಯಲ್ಲಿ ಕೆಲಸ ಜಾಸ್ತಿ ಬಿದ್ದು ಶನಿವಾರದ ಹೊತ್ತಿಗೆ ಅರವತ್ತೊಂದೇ ಆಗಿತ್ತು. ಹೆದರಲಿಲ್ಲ. ಭಾನುವಾರ ಬೆಳಿಗ್ಗೆ ರಾಯಕೋಟೆ ರಸ್ತೆಯಲ್ಲಿ ಸಾನಮಾವು ದಾಟಿ ಉದ್ದನಪಲ್ಲಿವರೆಗೆ ಹೋಗಿ ಬಂದರೆ ನಲವತ್ತು. ಒಟ್ಟು ನೂರ ಒಂದು. ಹೋಗುವಾಗ ಇಪ್ಪತ್ತು ಕಿಲೋಮೀಟರು ಬೆಣ್ಣೆಯ ಹಾಗೆ ಸಾಗಿತು. ಉದ್ದನಪಲ್ಲಿಯಲ್ಲಿ ಸಕ್ಕರೆ ಹಾಕದ ಟೀ ಕುಡಿದು ಹೊರಗೆ ಬಂದರೆ ಹಿಂದಿನ ಚಕ್ರ ನೆಲಕ್ಕೆ ಅಂಟಿಕೊಂಡಿತ್ತು. ಪಂಕ್ಚರ್ ಅಂಗಡಿ ಭಾನುವಾರ ಬಾಗಿಲು ಹಾಕಿತ್ತು. ಆದರೇನಂತೆ? ಸೀಟಿನ ಕೆಳಗಿನ ಚೀಲದಲ್ಲಿ ಹೊಸ ಟ್ಯೂಬು ಇತ್ತು, ವರ್ಷದಿಂದ ಹೊತ್ತು ತಿರುಗುತ್ತಿದ್ದೆ. ಗತ್ತಿನಿಂದ ಬಿಚ್ಚಿದೆ. ಟಯರಿಗೆ ಹಾಕಲು ಹೋದರೆ ಅರ್ಧಕ್ಕೂ ಬರಲಿಲ್ಲ.

ಅಲ್ಲೇ ಲಗೇಜು ಗಾಡಿಗೆ ಟೊಮೆಟೊ ಕ್ರೇಟು ತುಂಬುತ್ತಿದ್ದ ತಿಮ್ಮರಾಯಪ್ಪ ಎಂಬ ರೈತ ಹತ್ತಿರ ಬಂದು ಟ್ಯೂಬನ್ನು ಎಳೆದು ನೋಡಿದ. "ಏನ್ ಸಾಮಿ, ಇದು ಮಕ್ಕಳ ಸೈಕಲ್ದು ಕಣ್ ಸಾಮಿ! ತಗಳೋವಾಗ ಅಳ್ದು ನೋಡ್ಲಿಲ್ವಾ?" ಎಂದ. ನಾನು ಯಾವ ವಿಭಾಗದಲ್ಲಿ ಕೆಲಸ ಮಾಡುತ್ತೇನೆ ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. "ಬುಡಿ, ನಾನೂ ಹೊಸೂರ್‌ಗೇ ಓಯ್ತಾ ಇವ್ನಿ. ಹತ್ಕಳಿ" ಎಂದು ಸೈಕಲ್ಲನ್ನು ತಾನೇ ಎತ್ತಿ ಕ್ರೇಟುಗಳ ಮೇಲೆ ಮಲಗಿಸಿದ. ದಾರಿಯುದ್ದಕ್ಕೂ ತನ್ನ ಹೊಲ, ಟೊಮೆಟೊ ರೋಗ, ತಮಿಳು ಶಾಲೆಯಲ್ಲಿ ಓದಿ ಕನ್ನಡದಲ್ಲಿ ಜಗಳವಾಡುವ ಮೊಮ್ಮಗಳು ಎಂದು ಮಾತಾಡುತ್ತಲೇ ಬಂದ. ನಾನು ಹೂಂ ಹೂಂ ಎನ್ನುತ್ತ, ಎಂಬತ್ತೊಂದರಲ್ಲಿ ನಿಂತುಹೋದ ಲೆಕ್ಕವನ್ನು ನೆನೆದು ಒಳಗೊಳಗೇ ಕುದಿಯುತ್ತಿದ್ದೆ. ಮನೆ ಮುಂದೆ ಇಳಿಸಿ, "ಬತ್ತೀನಿ ಸಾಮಿ, ಟ್ಯೂಬು ಅಳ್ದು ತಗಳಿ" ಎಂದು ಹೋಗಿಯೇಬಿಟ್ಟ.

ಒಳಗೆ ನಾಗರಾಜ ಕೂತಿದ್ದ. ಅಕ್ಕನನ್ನು ನೋಡಿಕೊಂಡು ಹೋಗಲು ಬಂದೆ ಎಂದ. ನೋಡಿಕೊಂಡು ಹೋಗಲು ಬಂದವನು ಕಾರಿನ ಮೇಲಿನ ಕ್ಯಾರಿಯರಿಗೆ ಹಗ್ಗ ಬೇರೆ ಕಟ್ಟಿಕೊಂಡು ಬಂದಿದ್ದ. ನಾನು ಮುಖ ತೊಳೆಯಲು ಹೋದೆ. ಇವತ್ತೇ ಹೇಳಿಬಿಡುವುದು, ಸೈಕಲ್ ಕೊಟ್ಟುಬಿಡುವುದು ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಬರುವಷ್ಟರಲ್ಲಿ ಸರೋಜ ನನ್ನ ಫೋನು ಹಿಡಿದು ನಿಂತಿದ್ದಳು. "ನೂರ ಒಂದು!" ಎಂದಳು. ಆ್ಯಪನ್ನು ನಿಲ್ಲಿಸುವುದನ್ನು ನಾನು ಮರೆತಿದ್ದೆ. ಅದು ಜೇಬಿನಲ್ಲೇ ಕೂತು ತಿಮ್ಮರಾಯಪ್ಪನ ಗಾಡಿಯ ಇಪ್ಪತ್ತು ಕಿಲೋಮೀಟರನ್ನೂ ನನ್ನ ಕಾಲಿನ ಹೆಸರಿಗೆ ಬರೆದುಕೊಂಡಿತ್ತು. ಸಾಲದ್ದಕ್ಕೆ, ಇದು ನಿಮ್ಮ ಅತ್ಯಂತ ವೇಗದ ಸವಾರಿ ಎಂದು ಒಂದು ಪದಕವನ್ನೂ ಕೊಟ್ಟಿತ್ತು.

ಈಗ ಹೇಳಬಹುದಿತ್ತು. ಹೇಳಲಿಲ್ಲ. ಸರೋಜಳ ಮುಖ ಅಷ್ಟು ಅರಳಿದ್ದನ್ನು ನೋಡಿ ಬಹಳ ದಿನವಾಗಿತ್ತು. "ನಂಗೊತ್ತಿತ್ತು, ಇವರು ಹಟ ಹಿಡಿದ್ರೆ ಬಿಡಲ್ಲ ಅಂತ" ಎಂದು ತಮ್ಮನಿಗೆ ಹೇಳುತ್ತ ಕ್ಯಾಲೆಂಡರಿನಲ್ಲಿ ಕೊನೆಯ ಅಂಕಿ ಬರೆದಳು. ನಾಗರಾಜನೂ ದೊಡ್ಡ ಮನಸ್ಸು ಮಾಡಿ, "ಭಾವ ಗೆದ್ಬುಟ್ರು ಬುಡಕ್ಕ" ಎಂದ. ಊಟಕ್ಕೆ ಕೂತೆವು. ನನಗೋಸ್ಕರ ಎಂದು ಸಿಹಿ ಕಮ್ಮಿ ಹಾಕಿ ಶಾವಿಗೆ ಪಾಯಸ ಮಾಡಿದ್ದಳು. ಒಂದು ಚಮಚ ಬಾಯಿಗಿಟ್ಟೆ, ಗಂಟಲಲ್ಲಿ ಇಳಿಯಲಿಲ್ಲ. ಇನ್ನೊಂದು ಇಟ್ಟೆ, ಅದೂ ಅಲ್ಲೇ ನಿಂತಿತು. ಕೂದಲೆಳೆ ವ್ಯತ್ಯಾಸಕ್ಕೆ ಎಷ್ಟು ಜನರ ಒಂದಿಡೀ ದಿನದ ಕೆಲಸವನ್ನು ವಾಪಸ್ಸು ಕಳಿಸಿದ್ದೇನೆ ನಾನು! ಇಲ್ಲಿ ಇಪ್ಪತ್ತು ಕಿಲೋಮೀಟರು ಸುಳ್ಳು ಮಾಲನ್ನು ಪಾಸು ಮಾಡಿಕೊಂಡು ಪಾಯಸ ತಿನ್ನುತ್ತಿದ್ದೇನೆ. ನಿಜವಾಗಿ ನಾಚಿಕೆಯಾಯಿತು.

"ಸರೋಜಾ, ಅದರಲ್ಲಿ ಇಪ್ಪತ್ತು ಟೊಮೆಟೊ ಗಾಡೀದು" ಎಂದೆ. ಟ್ಯೂಬಿನಿಂದ ಹಿಡಿದು ಪದಕದವರೆಗೆ ಎಲ್ಲ ಹೇಳಿದೆ. ನಾಗರಾಜ ತಟ್ಟೆಯಿಂದ ಕೈ ತೆಗೆದು ಹೊರಗೆ ಕಾರಿನ ಕಡೆ ನೋಡಿದ. ಸರೋಜ ಎದ್ದು ಹೋಗಿ ಕ್ಯಾಲೆಂಡರನ್ನು ಮೊಳೆಯಿಂದ ತೆಗೆದಳು. ಸೈಕಲ್ ಹೋಯಿತು ಎಂದುಕೊಂಡೆ. ಅವಳು ಕ್ಯಾಲೆಂಡರನ್ನು ಸುರುಳಿ ಸುತ್ತಿ ಕಪಾಟಿನ ಮೇಲಕ್ಕೆ ಎಸೆದು, "ಯಾರೂ ನೋಡಿರ್ಲಿಲ್ಲ, ನೀವೇ ಬಾಯ್ಬಿಟ್ಟು ಹೇಳಿದ್ರಲ್ಲ. ಸಾಕು ಬಿಡಿ. ಇನ್ನು ಗುರಿನೂ ಬೇಡ, ಷರತ್ತೂ ಬೇಡ. ಸೈಕಲ್ ನಿಮ್ದೇ. ಮನಸ್ಸು ಬಂದಾಗ ತುಳೀರಿ" ಎಂದು ಪಾಯಸ ಇನ್ನೊಂದು ಸೌಟು ಬಡಿಸಿದಳು. ಅಯ್ಯೋ, ಆ ಪಾಯಸದ ರುಚಿ! ನಾಗರಾಜ ಸಂಜೆ ಖಾಲಿ ಹಗ್ಗದೊಂದಿಗೆ ಮಾಲೂರಿಗೆ ಹೋದ.

ಮನಸ್ಸು ಬಂದಾಗ ತುಳೀರಿ ಎನ್ನುವುದು ಕೇಳಲು ಎಷ್ಟು ಚೆನ್ನಾಗಿದೆ. ಮುಂದಿನ ವಾರ ಮನಸ್ಸು ಹನ್ನೊಂದು ಕಿಲೋಮೀಟರಿಗೆ ಬಂತು. ಅದರ ಮುಂದಿನ ವಾರ ಆರು. ಆಮೇಲೆ ಬರಲೇ ಇಲ್ಲ. ಸೈಕಲ್ ವರಾಂಡದಲ್ಲಿ ನಿಂತು, ಮೊದಲು ಒಂದು ಟವೆಲ್, ಆಮೇಲೆ ನನ್ನ ಎರಡು ಶರ್ಟು ಒಣಗಿಸಿಕೊಳ್ಳತೊಡಗಿತು. ಡಾಕ್ಟರು ಹೊಸ ರಿಪೋರ್ಟು ನೋಡಿ ಕನ್ನಡಕ ತೆಗೆದು ಒರೆಸಿದರು. ಸರೋಜಳನ್ನು, ಆ ಷರತ್ತನ್ನು ಇನ್ನೊಂದು ವರ್ಷಕ್ಕೆ ಹಾಕೇ ಎಂದು ಕೇಳಿದೆ. "ನಿಮ್ಮ ಮೇಲೆ ನಂಗೆ ನಂಬಿಕೆ ಇದೆ" ಎಂದುಬಿಟ್ಟಳು. ಇಂಥ ಹೊತ್ತಿನಲ್ಲಿ ನಂಬಿಕೆಯಂಥ ಪೀಡೆ ಇನ್ನೊಂದಿಲ್ಲ.

ಕೊನೆಗೆ, ಅವಳು ಅಡುಗೆಮನೆಯಲ್ಲಿದ್ದಾಗ, ಮೆತ್ತಗೆ ನಾಗರಾಜನಿಗೆ ಫೋನು ಹಚ್ಚಿದೆ. "ನೋಡಪ್ಪಾ, ನೀನು ವಾರಕ್ಕೊಂದು ಸಲ ಫೋನ್ ಮಾಡಿ ಆ ಸೈಕಲ್ ಕೊಡಿ ಅಂತ ನಂಗೆ ಕೇಳ್ತಾ ಇರು. ಕೊಡಲ್ಲ, ಸುಮ್ನೆ ಕೇಳು. ನಂಗೆ ಸ್ವಲ್ಪ ಉರಿಯುತ್ತೆ" ಎಂದೆ. ಅವನು ನಕ್ಕು, "ಬ್ಯಾಡ ಬುಡಿ ಭಾವ, ನಂಗೆ ಈಗ ಅದ್ಯಾಕೆ? ಆವತ್ತು ಬರಿಗೈಲಿ ಬಂದ ಸಿಟ್ಟಿಗೆ ನಾನೂ ಒಂದು ತಗಂಡೆ. ವಾರಕ್ಕೆ ನೂರಿಪ್ಪತ್ತು ಆಗ್ತಾ ಅದೆ" ಎಂದ. ಅವನೇ ಮುಂದುವರಿದು, ಅಡುಗೆಮನೆಗೂ ಕೇಳುವಷ್ಟು ಜೋರಾಗಿ, "ನಿಮ್ದು ಎಷ್ಟಾಯ್ತು ಭಾವ ಈ ವಾರ?" ಎಂದು ಕೇಳಿದ.

ಐವತ್ತು ಎನ್ನಲು ಬಾಯಿ ತೆರೆದಿದ್ದೆ. ಅಡುಗೆಮನೆಯಿಂದ ಸರೋಜ, "ಇದ್ದದ್ದು ಹೇಳ್ಬಿಡಿ, ಇಲ್ದಿದ್ರೆ ಆಮೇಲೆ ಊಟ ಸೇರಲ್ಲ ನಿಮಗೆ" ಎಂದಳು.

"ಸೊನ್ನೆ" ಎಂದೆ. ಆ ದಿನ ಊಟವೇನೋ ಚೆನ್ನಾಗಿಯೇ ಸೇರಿತು, ಎರಡು ಮುದ್ದೆ ಉಂಡೆ.